ಮಳೆಗಾಲಕ್ಕೆ ಮೊದಲೇ ಮೊಲದ ಮೇವು

(ಸಾಕುಮೊಲ, ಗಿನಿಪಿಗ್ ಇರುವ ಮನೆಗಳ ತಾಯಂದಿರು ಮತ್ತು ಮಕ್ಕಳಿಗಾಗಿ ನಡೆದ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ದನದ ಮೇವು, ಆಡಿನ ಮೇವು ಎಂದು ನಾವು ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೇವೆ. ಮೊಲದ ಮೇವಿಗಾಗಿಯೇ ಒಂದು ಸಭೆ ಕರೆದದ್ದು ಇದೇ ಮೊದಲು. "ಮೊಲಕ್ಕೇನು, ಅಂಗಳದ ಹುಲ್ಲು ಹಾಕಿದ್ರೆ ಆಯ್ತು" ಅಂತ ನೀವು ಹೇಳ್ತೀರಿ. ನಾವೂ ಹಾಗೆಯೇ ಅಂದುಕೊಂಡಿದ್ದೆವು. ಅದು ತಪ್ಪು ಎಂದು ನಮಗೆ ಕಲಿಸಿದವಳು ಎಂಟನೇ ತರಗತಿಯ ಒಬ್ಬ ಹುಡುಗಿ. ಆ ವಿಷಯವನ್ನು ಮೊದಲು ಹೇಳಿ ಮುಂದೆ ಹೋಗುತ್ತೇವೆ.

ಕೆಲವು ವರ್ಷಗಳ ಹಿಂದೆ ಬೇಸಿಗೆಯ ಒಂದು ಸಭೆಯಲ್ಲಿ ನಾವು, "ಹುಲ್ಲು ಒಣಗಿಸಿ ಇಟ್ಟುಕೊಳ್ಳಿ, ಮಳೆಗಾಲಕ್ಕೆ ಅನುಕೂಲ" ಎಂದು ಒಂದೇ ವಾಕ್ಯ ಹೇಳಿ ಮುಗಿಸಿದ್ದೆವು. ಆ ಹುಡುಗಿ ಮನೆಗೆ ಹೋಗಿ ಹುಲ್ಲು ಕೊಯ್ದಳು. ಎರಡು ದಿನ ಬಿಸಿಲಿಗೆ ಹಾಕಿದಳು. ಗೊಬ್ಬರ ಬಂದ ಪ್ಲಾಸ್ಟಿಕ್ ಚೀಲ ತೊಳೆದು, ಅದಕ್ಕೆ ತುಂಬಿ, ಬಾಯಿ ಬಿಗಿದು ಕಟ್ಟಿದಳು. ಜುಲೈ ತಿಂಗಳಲ್ಲಿ ಬಿಚ್ಚಿದಾಗ ಮುಗ್ಗಲು ವಾಸನೆ ಬಂತು. ಒಣಹುಲ್ಲು ಅಂದರೆ ಹೀಗೇ ಇರಬಹುದು ಎಂದುಕೊಂಡು ಮೊಲಗಳಿಗೆ ಹಾಕಿದಳು. ಐದು ಮೊಲಗಳಲ್ಲಿ ಮೂರು ಒಂದು ವಾರದೊಳಗೆ ಸತ್ತವು. ಪಶುವೈದ್ಯರು ಚೀಲದೊಳಗೆ ಕೈ ಹಾಕಿ ನೋಡಿ, "ಬೂಷ್ಟು ಬಂದಿದೆ, ಇದನ್ನು ಕೊಡಬಾರದಿತ್ತು" ಎಂದರು.

ನಾವು ಹೋದಾಗ ಅವಳು ಅಳಲಿಲ್ಲ. "ನೀವು ಹೇಳಿದ ಹಾಗೇ ಮಾಡಿದ್ದೆ ಅಲ್ವಾ ಟೀಚರ್?" ಎಂದು ಕೇಳಿದಳು. ನಮಗೆ ಮಾತು ಹೊರಡಲಿಲ್ಲ. ಅವಳು ನಾವು ಹೇಳಿದ್ದನ್ನು ಮಾಡಿದ್ದಳು. ಹೇಳಬೇಕಾದದ್ದನ್ನು ನಾವು ಹೇಳಿರಲಿಲ್ಲ. ಇವತ್ತು ಅದನ್ನು ಪೂರ್ತಿಯಾಗಿ ಹೇಳೋಣ ಅಂತ ಬಂದಿದ್ದೇವೆ.

ಮೊಲದ ಹೊಟ್ಟೆ ದನದ ಹೊಟ್ಟೆಯಲ್ಲ

ದನ, ಆಡು ಮೆಲುಕು ಹಾಕುತ್ತವೆ. ಮೊಲ ಮೆಲುಕು ಹಾಕುವುದಿಲ್ಲ. ಅದರ ಹೊಟ್ಟೆಯ ಹಿಂಭಾಗದಲ್ಲಿ, ಸಣ್ಣಕರುಳು ಮುಗಿದು ದೊಡ್ಡಕರುಳು ಶುರುವಾಗುವಲ್ಲಿ, ಒಂದು ದೊಡ್ಡ ಚೀಲವಿದೆ. ನಾರು ಕೊಳೆತು ಜೀರ್ಣವಾಗುವುದು ಅಲ್ಲಿ. ಕಣ್ಣಿಗೆ ಕಾಣದ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸ ಮಾಡುತ್ತವೆ. ಅಲ್ಲಿ ತಯಾರಾದ ಮೆತ್ತಗಿನ ಹಿಕ್ಕೆಯನ್ನು ಮೊಲ ರಾತ್ರಿ ಅಥವಾ ಬೆಳಗಿನ ಜಾವ ನೇರವಾಗಿ ಬಾಯಿ ಹಾಕಿ ತಿನ್ನುತ್ತದೆ. ಮಕ್ಕಳು ನೋಡಿ "ಛೀ" ಅಂತಾರೆ. ಆದರೆ ಅದು ಕೊಳಕು ಬುದ್ಧಿಯೂ ಅಲ್ಲ, ರೋಗವೂ ಅಲ್ಲ. ಅದರಲ್ಲಿ ಪ್ರೋಟೀನು, ಬಿ ಜೀವಸತ್ವ ಇದೆ. ದನದ ಮೆಲುಕಿನ ಹಾಗೆ ಇದು ಮೊಲದ ಎರಡನೇ ಊಟ. ಗಿನಿಪಿಗ್ ಕೂಡ ಹೀಗೆಯೇ ಮಾಡುತ್ತದೆ.

ಈ ಚೀಲ ಸರಿಯಾಗಿ ನಡೆಯಲು ಉದ್ದನೆಯ ನಾರು ಬೇಕು. ನಾರು ಕಡಿಮೆಯಾಗಿ ಹಿಟ್ಟು, ಸಕ್ಕರೆ ಹೆಚ್ಚಾದರೆ ಕರುಳು ನಿಧಾನವಾಗುತ್ತದೆ, ಗಾಳಿ ತುಂಬುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದ ಕೆಟ್ಟದ್ದು ಹಿಂದೆ ಬರುವ ದಾರಿಯೇ ಇಲ್ಲ. ಆದ್ದರಿಂದ ಉಳಿದ ಅನ್ನ, ಇಡ್ಲಿ, ಚಪಾತಿ, ಬ್ರೆಡ್ಡು, ಬಿಸ್ಕತ್ತು ಹಾಕ್ಬೇಡಿ. "ಪಾಪ, ಆಸೆಯಿಂದ ತಿನ್ನುತ್ತೆ" ಅಂತ ಕೊಡುವವರು ಪ್ರೀತಿಯಿಂದಲೇ ಅದಕ್ಕೆ ಕೇಡು ಮಾಡುತ್ತಾರೆ.

ಇನ್ನೊಂದು ಹಲ್ಲಿನ ವಿಷಯ. ಮೊಲದ ಹಲ್ಲು, ಗಿನಿಪಿಗ್ಗಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಮೊಲದ ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ಒರಟು ಹುಲ್ಲನ್ನು ಅಡ್ಡಡ್ಡ ಅರೆದು ತಿಂದರೆ ಮಾತ್ರ ಒಳಗಿನ ದವಡೆ ಹಲ್ಲು ಸವೆಯುತ್ತದೆ. ಮೆತ್ತನೆಯದನ್ನೇ ಕೊಟ್ಟರೆ ಹಲ್ಲು ಬೆಳೆದು ಕೆನ್ನೆಗೆ, ನಾಲಿಗೆಗೆ ಚುಚ್ಚುತ್ತದೆ. ಆಮೇಲೆ ಹಸಿವಿದ್ದರೂ ತಿನ್ನಲಾಗದೆ ಸೊರಗುತ್ತದೆ.

ಹೀಗಾಗಿ ಮೊಲದ ದಿನದ ಆಹಾರದಲ್ಲಿ 100ಕ್ಕೆ 80 ಪಾಲಾದರೂ ಹುಲ್ಲಾಗಿರಬೇಕು. ಉಳಿದದ್ದು ಸೊಪ್ಪು. ಅಂಗಡಿಯ ಗುಳಿಗೆ ಆಹಾರ ಕೊಡುವವರು 2 ಕೆ.ಜಿ. ತೂಕದ ದೊಡ್ಡ ಮೊಲಕ್ಕೆ ದಿನಕ್ಕೆ 50 ಗ್ರಾಂ ಮೀರಬೇಡಿ.

ಒಂದು ಮೊಲಕ್ಕೆ ಎಷ್ಟು ಮೇವು?

ನಾವು ಲೆಕ್ಕ ಹಾಕಿ ನೋಡೋಣ. 2 ಕೆ.ಜಿ. ತೂಕದ ಮೊಲಕ್ಕೆ ದಿನಕ್ಕೆ 80ರಿಂದ 100 ಗ್ರಾಂ ಒಣಮೇವು ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ 122 ದಿನ. ಅಂದರೆ ಒಂದು ಮೊಲಕ್ಕೆ ಒಂದು ಮಳೆಗಾಲಕ್ಕೆ 10ರಿಂದ 12 ಕೆ.ಜಿ. ಒಣಹುಲ್ಲು.

ಹಸಿ ಹುಲ್ಲಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. 10 ಕೆ.ಜಿ. ಹಸಿ ಹುಲ್ಲು ಒಣಗಿಸಿದರೆ ಕೈಗೆ ಸಿಗುವುದು ಎರಡೂವರೆಯಿಂದ ಮೂರು ಕೆ.ಜಿ. ಹಾಗಾದರೆ ಒಂದು ಮೊಲಕ್ಕಾಗಿ ಸುಮಾರು 45 ಕೆ.ಜಿ. ಹಸಿ ಹುಲ್ಲು ಕೊಯ್ಯಬೇಕು. ನಡುವೆ ಹಸಿ ಸೊಪ್ಪೂ ಕೊಡುವುದಾದರೆ ಸ್ವಲ್ಪ ಕಡಿಮೆ ಸಾಕು. ಐದು ಮೊಲ ಸಾಕಲು ಹೊರಡುವವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ಮೇವು ಎರಡು ಮೊಲಕ್ಕೆ ಮಾತ್ರ ಆಗುತ್ತದೆ ಅಂತಾದರೆ ಎರಡೇ ಸಾಕಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

"ಮಳೆಗಾಲದಲ್ಲಿ ಊರೆಲ್ಲ ಹಸಿರು, ಒಣಗಿಸುವುದು ಯಾಕೆ?" ಅಂತ ಒಬ್ಬ ಅಕ್ಕ ಕೇಳಿದರು. ಒಳ್ಳೆಯ ಪ್ರಶ್ನೆ. ಮಳೆಯಲ್ಲಿ ಕೊಯ್ದ ಹುಲ್ಲನ್ನು ಮೂಲೆಯಲ್ಲಿ ರಾಶಿ ಹಾಕಿದರೆ ಸಂಜೆಯೊಳಗೆ ಒಳಗಿಂದೊಳಗೇ ಬೆಚ್ಚಗಾಗಿ ಹುಳಿಯಲು ಶುರುವಾಗುತ್ತದೆ. ಅದು ಮೊಲದ ಹೊಟ್ಟೆ ಕೆಡಿಸುತ್ತದೆ. ಒದ್ದೆ ಗೂಡು, ಹಿಕ್ಕೆ ತಾಗಿದ ಹುಲ್ಲಿನಿಂದ ಮರಿಗಳಿಗೆ ರಕ್ತಭೇದಿಯೂ ಬರುತ್ತದೆ. ಒಣಹುಲ್ಲು ಮನೆಯಲ್ಲಿದ್ದರೆ ಜಡಿಮಳೆಯ ದಿನ ಸಿಕ್ಕಿದ್ದನ್ನೆಲ್ಲ ತಂದು ಹಾಕುವ ಪರಿಸ್ಥಿತಿ ಬರುವುದಿಲ್ಲ.

ಯಾವ ಹುಲ್ಲು, ಯಾವ ಸೊಪ್ಪು?

ಹುಲ್ಲಿನಲ್ಲಿ ಗರಿಕೆ, ಗಿನಿ ಹುಲ್ಲು, ನೇಪಿಯರ್ ಹುಲ್ಲು ಆಗುತ್ತದೆ. ನೇಪಿಯರ್ ಹುಲ್ಲನ್ನು ಎಳೆಯದಿದ್ದಾಗಲೇ ಕೊಯ್ಯಬೇಕು, ದಂಟು ಬಲಿತರೆ ಒಣಗುವುದೂ ಇಲ್ಲ, ಮೊಲ ತಿನ್ನುವುದೂ ಇಲ್ಲ. ಬೈಹುಲ್ಲು ಗೂಡಿಗೆ ಹಾಸಲು ಒಳ್ಳೆಯದು, ಅಗಿಯಲೂ ಆಗುತ್ತದೆ. ಆದರೆ ಅದರಲ್ಲಿ ಸತ್ವ ಬಹಳ ಕಡಿಮೆ. ಬೈಹುಲ್ಲು ಒಂದನ್ನೇ ಕೊಟ್ಟು ಮೊಲ ಸಾಕಲು ಆಗುವುದಿಲ್ಲ.

ಬಯಲುಸೀಮೆಯ ಕಡೆ ಕುದುರೆ ಮಸಾಲೆ ಸೊಪ್ಪು ಸಿಗುತ್ತದೆ. ಅದರಲ್ಲಿ ಪ್ರೋಟೀನು, ಸುಣ್ಣದ ಅಂಶ ಎರಡೂ ಹೆಚ್ಚು. ಬೆಳೆಯುವ ಮರಿಗೆ, ಗಬ್ಬದ ಮೊಲಕ್ಕೆ, ಹಾಲೂಡಿಸುವ ತಾಯಿಗೆ ಒಳ್ಳೆಯದು. ದೊಡ್ಡ ಮೊಲಕ್ಕೆ ಅದನ್ನೇ ದಿನಾ ಕೊಟ್ಟರೆ ಹೆಚ್ಚಾದ ಸುಣ್ಣ ಮೂತ್ರದಲ್ಲಿ ಹೋಗಬೇಕಾಗುತ್ತದೆ. ಮೂತ್ರ ಬೆಳ್ಳಗೆ ಮಂದವಾಗುತ್ತದೆ, ಕಲ್ಲೂ ಆಗಬಹುದು. ನುಗ್ಗೆ ಸೊಪ್ಪಿಗೂ ಇದೇ ಮಾತು, ಹಿತಮಿತವಾಗಿ ಕೊಡಿ.

ಸೊಪ್ಪಿನಲ್ಲಿ ಪುದೀನ, ಕೊತ್ತಂಬರಿ, ಸಬ್ಬಸಿಗೆ, ತುಳಸಿ, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಎಲೆ, ಬಾಳೆಎಲೆ ಒಣಗಿಸಿ ಇಡಬಹುದು. ಒಂದು ವಿಷಯ ನೆನಪಿಡಿ. ಒಣಗಿದ ಒಂದು ಹಿಡಿ ಅಂದರೆ ಹಸಿಯ ಮೂರ್ನಾಲ್ಕು ಹಿಡಿ. ಆದ್ದರಿಂದ ಒಂದು ಮೊಲಕ್ಕೆ ದಿನಕ್ಕೆ ಸಣ್ಣ ಹಿಡಿ ಸಾಕು, ಅದೂ ಎರಡು ಮೂರು ಬಗೆ ಸೇರಿಸಿ. ಇದು ರುಚಿಗೆ, ಬದಲಾವಣೆಗೆ. ಔಷಧಿ ಅಂತ ತಿಳಿಯಬೇಡಿ. ಹುಷಾರಿಲ್ಲದ ಮೊಲಕ್ಕೆ ತುಳಸಿ ಹಾಕಿ ಕಾಯುತ್ತಾ ಕೂರಬೇಡಿ.

ಒಣಗಿಸುವ ಕ್ರಮ

ನಾವು ಅಂದು ಹೇಳದೆ ಬಿಟ್ಟದ್ದು ಇದನ್ನೇ. ದಯವಿಟ್ಟು ಗಮನವಿಟ್ಟು ಕೇಳಿ.

1. ಕಾಲ: ಮಳೆ ನಿಂತ ಮೇಲೆ ಅಕ್ಟೋಬರ್, ನವೆಂಬರಿನಲ್ಲಿ ಒಮ್ಮೆ. ನೀರು ಹಾಯಿಸುವ ತೋಟ ಇದ್ದವರು ಮಾರ್ಚ್, ಏಪ್ರಿಲಿನಲ್ಲಿ ಮತ್ತೊಮ್ಮೆ. ಹುಲ್ಲು ಹೂ ಬಿಡಲು ಶುರುಮಾಡಿದಾಗ ಕೊಯ್ಯಿರಿ. ಬೀಜವಾದ ಮೇಲೆ ಸತ್ವ ಇಳಿಯುತ್ತದೆ.

2. ಹೊತ್ತು: ಇಬ್ಬನಿ ಆರಿದ ಮೇಲೆ ಕೊಯ್ಯಿರಿ.

3. ಹರಡುವುದು: ಮಣ್ಣಿನ ಮೇಲೆ ಬೇಡ. ಚಾಪೆ ಅಥವಾ ಬಿದಿರಿನ ತಡಿಕೆಯ ಮೇಲೆ ತೆಳ್ಳಗೆ ಹರಡಿ, ದಿನಕ್ಕೆ ಎರಡು ಮೂರು ಸಲ ಮಗುಚಿ. ಸಂಜೆ ಒಳಗೆ ತನ್ನಿ. ಇಬ್ಬನಿ ಬಿದ್ದರೆ ಹಗಲಿನ ಶ್ರಮವೆಲ್ಲ ಹಾಳು.

4. ಬಿಸಿಲು, ನೆರಳು: ಹುಲ್ಲಿಗೆ ಮೊದಲ ದಿನ ಬಿಸಿಲು, ಆಮೇಲೆ ಗಾಳಿಯಾಡುವ ನೆರಳು. ಸೊಪ್ಪಿಗೆ ಪೂರ್ತಿ ನೆರಳೇ ಆಗಬೇಕು. ಸಣ್ಣ ಸಣ್ಣ ಕಟ್ಟು ಮಾಡಿ ಜಗಲಿಯಲ್ಲಿ ತಲೆಕೆಳಗಾಗಿ ತೂಗುಹಾಕಿ. ಬಣ್ಣ ಹಸಿರಾಗಿ, ಪರಿಮಳ ಹಾಗೇ ಉಳಿದರೆ ಸರಿಯಾಗಿದೆ ಎಂದು ಅರ್ಥ.

5. ಪರೀಕ್ಷೆ: ಎಲೆ ಒಣಗಿತು ಅಂತ ಮೋಸ ಹೋಗಬೇಡಿ, ದಂಟು ನೋಡಿ. ದಂಟನ್ನು ತಿರುಚಿದರೆ ಪಟ್ಟನೆ ಮುರಿಯಬೇಕು. ಬಾಗಿದರೆ ಇನ್ನೂ ಹಸಿ ಇದೆ. ಇನ್ನೊಂದು ಉಪಾಯ. ಬಾಣಲೆಯಲ್ಲಿ ಹುರಿದು ಆರಿಸಿದ ಪುಡಿ ಉಪ್ಪನ್ನು ಒಂದು ಚಮಚ ಒಣಗಿದ ಗಾಜಿನ ಬಾಟಲಿಗೆ ಹಾಕಿ. ಕತ್ತರಿಸಿದ ಹುಲ್ಲು ತುಂಬಿಸಿ, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ. ಉಪ್ಪು ಪುಡಿಪುಡಿಯಾಗಿಯೇ ಉಳಿದರೆ ಹುಲ್ಲು ಒಣಗಿದೆ. ಗಂಟು ಕಟ್ಟಿದರೆ ಇನ್ನೂ 100ಕ್ಕೆ 15 ಪಾಲಿಗಿಂತ ಹೆಚ್ಚು ನೀರಿದೆ, ಮತ್ತೆ ಒಣಗಿಸಿ.

6. ಇಡುವುದು: ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗೋಣಿಚೀಲ ಅಥವಾ ಹಳೆಯ ಸೀರೆಯಲ್ಲಿ ಕಟ್ಟಿ, ಗೋಡೆಗೆ, ನೆಲಕ್ಕೆ ತಾಗದ ಹಾಗೆ ಅಟ್ಟದಲ್ಲಿಡಿ. ಒಲೆಯ ಬಿಸಿ ತಾಗುವ ಅಟ್ಟವಾದರೆ ಇನ್ನೂ ಒಳ್ಳೆಯದು, ಕಿಡಿ ಹಾರದಂತೆ ನೋಡಿಕೊಳ್ಳಿ. ಮೊದಲ ವಾರ ದಿನಾ ಚೀಲದೊಳಗೆ ಕೈ ಹಾಕಿ ನೋಡಿ. ಬೆಚ್ಚಗಿದ್ದರೆ ತಕ್ಷಣ ಹೊರಗೆ ಸುರಿದು ಹರಡಿ.

7. ಬೂಷ್ಟು ಕಂಡರೆ: ಕಪ್ಪು, ಬಿಳಿ ಚುಕ್ಕೆ, ಧೂಳು, ಮುಗ್ಗಲು ವಾಸನೆ ಇದ್ದರೆ ಇಡೀ ಚೀಲ ಗೊಬ್ಬರದ ಗುಂಡಿಗೆ. ಕೊಡವಿ ಬಿಸಿಲಿಗೆ ಹಾಕಿದರೆ ಬೂಷ್ಟಿನ ವಿಷ ಹೋಗುತ್ತದೆ ಎಂದು ನಂಬಬೇಡಿ. ನಷ್ಟ ಅನ್ನಿಸಬಹುದು. ಮೂರು ಮೊಲ ಕಳೆದುಕೊಂಡವರನ್ನು ಕೇಳಿದರೆ ಯಾವುದು ನಷ್ಟ ಅಂತ ಹೇಳ್ತಾರೆ.

ಕೊಡಬಾರದ ಗಿಡಗಳು

ನಮ್ಮ ಬೇಲಿಯಲ್ಲೆಲ್ಲ ಇರುವ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಆಡು ದನಗಳಿಗೆ ಮೇವು. "ಆಡು ತಿನ್ನುತ್ತೆ, ಮೊಲ ತಿಂದ್ರೆ ಏನು?" ಅಂತ ಕೇಳಬೇಡಿ. ಲ್ಯಾಟಿನ್ ಮೂಲದ ಆ ಹೆಸರಿನ ಅರ್ಥವೇ ಇಲಿಜಾತಿಯನ್ನು ಕೊಲ್ಲುವುದು ಎಂದು. ಅದು ಹುಟ್ಟಿದ ಮಧ್ಯ ಅಮೆರಿಕದಲ್ಲಿ ಅದರ ಎಲೆ, ತೊಗಟೆಯನ್ನು ಇಲಿ ಪಾಷಾಣವಾಗಿ ಬಳಸಿದವರಿದ್ದಾರೆ. ಮೊಲದ ಗೂಡಿಗೂ ಗಿನಿಪಿಗ್ ಗೂಡಿಗೂ ಅದು ಬೇಡ.

ಸುಬಾಬುಲ್ ಸೊಪ್ಪು ಹೆಚ್ಚಾದರೆ ಕೂದಲು ಉದುರುತ್ತದೆ. ಬೆಣ್ಣೆಹಣ್ಣಿನ ಎಲೆ ಹೃದಯಕ್ಕೆ ವಿಷ. ಲಂಟಾನ, ಪಾರ್ಥೇನಿಯಂ, ಎಕ್ಕ, ಕಣಗಿಲೆ, ದತ್ತೂರಿ, ಹರಳೆಲೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ. ಒಣಗಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ಕೆಲವರಲ್ಲಿದೆ. ಕಣಗಿಲೆ ಒಣಗಿದರೂ ಕಣಗಿಲೆಯೇ. ಹಸಿ ಇದ್ದಾಗ ಕಹಿ ಎಂದು ಮೊಲ ಮೂಸಿ ಬಿಡಬಹುದಾದ ಎಲೆ, ಒಣಗಿ ಹುಲ್ಲಿನೊಳಗೆ ಬೆರೆತರೆ ಗೊತ್ತಾಗದೆ ಹೊಟ್ಟೆಗೆ ಹೋಗುತ್ತದೆ. ಕೊಯ್ಯುವಾಗಲೇ ಆರಿಸಬೇಕು.

ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದಾಗ ಮೈಲುತುತ್ತ ಕೆಳಗಿನ ಹುಲ್ಲಿನ ಮೇಲೂ ಬೀಳುತ್ತದೆ. ಆ ಹುಲ್ಲು ಮೊಲಕ್ಕೆ ಬೇಡ. ಕಳೆನಾಶಕ ಹೊಡೆದ ಜಾಗ, ರಸ್ತೆ ಬದಿಯ ಧೂಳಿನ ಹುಲ್ಲು ಕೂಡ ಬೇಡ.

ಗಿನಿಪಿಗ್, ಹ್ಯಾಮ್‌ಸ್ಟರ್ ಸಾಕುವವರಿಗೆ

ಮೊಲ ಇಲಿಜಾತಿಗೆ ಸೇರಿದ್ದಲ್ಲ, ಗಿನಿಪಿಗ್ ಸೇರಿದ್ದು. ಒಣಹುಲ್ಲು ಎರಡಕ್ಕೂ ಬೇಕು. ಆದರೆ ಗಿನಿಪಿಗ್ ನಮ್ಮ ಹಾಗೆ, ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಒಣಗಿಸಿದಾಗ ಮೊದಲು ಹಾಳಾಗುವುದೇ ಸಿ ಜೀವಸತ್ವ. ಒಣಮೇವು ಒಂದನ್ನೇ ಕೊಟ್ಟರೆ ಕೆಲವೇ ವಾರಗಳಲ್ಲಿ ಕೀಲು ಊದಿ, ವಸಡಿನಲ್ಲಿ ರಕ್ತ ಬಂದು, ನಡೆಯಲು ಆಗದೆ ಕೂರುತ್ತದೆ. ಆದ್ದರಿಂದ ಗಿನಿಪಿಗ್‌ಗೆ ದಿನಾ ಹಸಿ ಕೊತ್ತಂಬರಿ ಸೊಪ್ಪು, ಒಂದು ತುಂಡು ದೊಣ್ಣೆ ಮೆಣಸಿನಕಾಯಿ, ಆಗಾಗ ಸಣ್ಣ ಚೂರು ಪೇರಳೆಹಣ್ಣು ತಪ್ಪಿಸಬೇಡಿ.

ಪೇಟೆಯ ಮಕ್ಕಳು ಸಾಕುವ ಹ್ಯಾಮ್‌ಸ್ಟರ್, ಬಿಳಿ ಇಲಿಗಳು ಮುಖ್ಯವಾಗಿ ಕಾಳು ತಿನ್ನುವವು. ಅವಕ್ಕೆ ಒಣಸೊಪ್ಪು ಒಂದು ಚಿಟಿಕೆ ಸಾಕು. ಒಣಹುಲ್ಲು ಗೂಡು ಕಟ್ಟಿಕೊಳ್ಳಲು ಬೇಕು.

ಕೊಡುವಾಗ

ಹಸಿಯಿಂದ ಒಣಕ್ಕೆ ಒಂದೇ ದಿನ ಬದಲಾಯಿಸಬೇಡಿ. ಏಳರಿಂದ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ. ಒಣಮೇವು ತಿನ್ನುವ ಮೊಲಕ್ಕೆ ನೀರು ಹೆಚ್ಚು ಬೇಕು. ದಿನವಿಡೀ ಶುದ್ಧ ನೀರು ಇರಲಿ. ಹುಲ್ಲನ್ನು ನೆಲದಲ್ಲಿ ಹಾಕದೆ ಗೂಡಿನ ಬದಿಗೆ ಕಟ್ಟಿದ ಬುಟ್ಟಿಯಲ್ಲಿಡಿ. ಪುಡಿ ಮಾಡಬೇಡಿ, ಉದ್ದವಾಗಿಯೇ ಇರಲಿ.

ಬೆಳಿಗ್ಗೆ ಎದ್ದ ಕೂಡಲೇ ಹಿಕ್ಕೆ ನೋಡಿ. ಗುಂಡಗೆ, ಒಣಗಿ, ಬೇಕಾದಷ್ಟು ಇದ್ದರೆ ಮೊಲ ಚೆನ್ನಾಗಿದೆ. ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆ ಹಾಕದೆ, ಮುದುಡಿ ಕೂತಿದ್ದರೆ ನಾಳೆ ನೋಡೋಣ ಅನ್ನಬೇಡಿ. ಅದೇ ದಿನ ಪಶು ಚಿಕಿತ್ಸಾಲಯಕ್ಕೆ ಒಯ್ಯಿರಿ. ಕೊಟ್ಟ ಮೇವಿನ ಒಂದು ಹಿಡಿಯನ್ನೂ ಜೊತೆಗೆ ಕೊಂಡೊಯ್ಯಿರಿ.

ಕೊನೆಯದಾಗಿ, ಹುಲ್ಲು ಕೊಯ್ಯುವಾಗ ಕಾಡುಮೊಲದ ಮರಿ ಸಿಕ್ಕಿದರೆ ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿಯುವುದು ಅಪರಾಧ. ತಾಯಿ ಹೆಚ್ಚಾಗಿ ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ. ಇದ್ದಲ್ಲೇ ಬಿಡಿ.

ಆ ಹುಡುಗಿಯ ವಿಷಯ ಕೇಳ್ತೀರಿ ಅಂತ ಗೊತ್ತು. ಉಳಿದ ಎರಡು ಮೊಲಗಳನ್ನು ಅವಳು ಬಿಡಲಿಲ್ಲ. ಮುಂದಿನ ನವೆಂಬರಿನಲ್ಲಿ ಅಮ್ಮನ ಹಳೆಯ ಸೀರೆಯಲ್ಲಿ ಹುಲ್ಲು ಕಟ್ಟಿ ಅಟ್ಟಕ್ಕೆ ಏರಿಸಿದಳು. ಕಟ್ಟುವ ಮೊದಲು ನಮ್ಮನ್ನು ಕರೆಸಿ, ಒಂದು ದಂಟು ಕೈಗೆ ಕೊಟ್ಟು, "ಮುರಿದು ನೋಡಿ ಟೀಚರ್" ಎಂದಳು. ನಾವು ಮುರಿದು ನೋಡಿದೆವು. ನೀವೂ ಪ್ರತಿ ಕಟ್ಟಿನಿಂದ ಒಂದು ದಂಟು ಮುರಿದು ನೋಡಿ, ಆಮೇಲೆ ಅಟ್ಟಕ್ಕೆ ಏರಿಸಿ.