ಬಣ್ಣದಲ್ಲಿ ಮರದ ಎಳೆ



ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಬಾಗಿಲೊಂದು ಬೇಕಾದಾಗ ಸಾಮಾನ್ಯವಾಗಿ ನಡೆಯುವುದಿಷ್ಟೇ: ರಟ್ಟಿಗೆ ಕಂದು ಬಣ್ಣ ಬಳಿದು, ಸಮಾನ ಅಂತರದಲ್ಲಿ ಕಪ್ಪು ಗೆರೆಗಳನ್ನೆಳೆದು, ನಡುನಡುವೆ ಕಣ್ಣಿನಾಕಾರದ ಗಂಟುಗಳನ್ನು ಬರೆಯುವುದು. ದೂರದಿಂದ ನೋಡಿದರೂ ಅದು ಮರವೆನಿಸುವುದಿಲ್ಲ. ಕೊರತೆಯಿರುವುದು ಮಕ್ಕಳ ಕೈಯಲ್ಲಲ್ಲ, ನೋಟದಲ್ಲಿ. ಆದುದರಿಂದ ಈ ಪಾಠವು ಬಣ್ಣದ ಡಬ್ಬಿಯಿಂದಲ್ಲ, ತರಗತಿಯ ಮರದ ಬಾಗಿಲಿನಿಂದ ಆರಂಭವಾಗತಕ್ಕದ್ದು.

ಕಾಂಡದೊಳಗೆ ಬೆಳವಣಿಗೆಯ ಉಂಗುರಗಳು ಒಂದರ ಹೊರಗೊಂದು ಪದರಗಳಾಗಿರುತ್ತವೆ. ಕಾಂಡದ ನಡುವಿನ ಮೂಲಕ ಹಾಯುವಂತೆ ಕೊಯ್ದ ಹಲಗೆಯಲ್ಲಿ ಅವು ಬಹುಮಟ್ಟಿಗೆ ಸಮಾನಾಂತರ ಗೆರೆಗಳಾಗುತ್ತವೆ. ಹೊರ ಅಂಚಿಗೆ ಸಮೀಪವಾಗಿ ಕೊಯ್ದ ಹಲಗೆಯಲ್ಲಿ ಕಮಾನಿನ ಮೇಲೆ ಕಮಾನು ಏರಿದಂತೆ ತೋರುತ್ತವೆ. ಕಾಂಡವು ಮೇಲೆ ಹೋದಂತೆ ಕಿರಿದಾಗುವುದೇ ಇದಕ್ಕೆ ಕಾರಣ. ತೇಗದಲ್ಲಿ ಉಂಗುರಗಳು ಸ್ಪಷ್ಟ. ಹಲಸು ಹೊಸತರಲ್ಲಿ ಹಳದಿ, ವರ್ಷಗಳು ಕಳೆದಂತೆ ಕಂದು. ಬೀಟೆಯಲ್ಲಿ ನೇರಳೆ ಛಾಯೆಯ ಕಂದಿನ ನಡುವೆ ಕಪ್ಪು ಪಟ್ಟೆಗಳು.

ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗನ್ನೂ ಕೇಳುವ ಮಕ್ಕಳಿಗೆ ಹಲಗೆ, ಎಳೆ, ಗಂಟು, ಚೇಗು, ಕೀಲು ಎಂಬ ಮಾತುಗಳು ಪಠ್ಯದಲ್ಲಿ ದೊರೆಯುವುದು ಅಪರೂಪ. ಬಡಗಿಯ ಬಾಯಲ್ಲಿ ಉಳಿದ ಈ ಮಾತುಗಳು ಅಲ್ಲಿಯೂ ಎಷ್ಟು ಕಾಲ ಉಳಿದಾವೆಂದು ಹೇಳಲಾಗದು. ಬಾಗಿಲನ್ನು ಮುಟ್ಟಿಸಿ ಹೇಳಿದರೆ ಅರ್ಥ ಬರೆಸುವ ಅಗತ್ಯವಿಲ್ಲ. ಮಗುವು ನೆರೆಭಾಷೆಯ ಹೆಸರನ್ನು ಹೇಳಿದರೆ ಅದನ್ನೂ ಕನ್ನಡದ ಪಕ್ಕದಲ್ಲೇ ಹಲಗೆಯ ಮೇಲೆ ಬರೆಯುವುದು ಒಳಿತು.

ಇನ್ನು ಕೆಲಸ. ಮರದ ಅತ್ಯಂತ ತಿಳಿಯಾದ ಬಣ್ಣವನ್ನು, ತೇಗಕ್ಕಾದರೆ ಹೊಂಬಣ್ಣಕ್ಕೆ ಹತ್ತಿರವಾದುದನ್ನು, ಎರಡು ಸಲ ಬಳಿದು ಪೂರ್ಣವಾಗಿ ಒಣಗಿಸಬೇಕು. ಅದರ ಮೇಲೆ ಗಾಢ ಕಂದಿನ ತೆಳುಲೇಪ. ಲೇಪವನ್ನು ಬರಿಯ ನೀರಿನಿಂದ ಅತಿಯಾಗಿ ತೆಳುಗೊಳಿಸಿದರೆ ಅಂಟು ಸಡಿಲವಾಗುತ್ತದೆ. ಒಣಗುವುದನ್ನು ತಡಮಾಡುವ ಅಕ್ರಿಲಿಕ್ ದ್ರಾವಣವನ್ನು ಬೆರೆಸುವುದು ಮೇಲು. ಎಣ್ಣೆಬಣ್ಣದವರಿಗೆ ಗಂಟೆಗಳ ಬಿಡುವಿರುತ್ತಿತ್ತು. ಅಕ್ರಿಲಿಕ್‌ನಲ್ಲಿ ದೊರೆಯುವುದು ಕೆಲವೇ ನಿಮಿಷ. ಅಷ್ಟರೊಳಗೆ ಒಣಕುಂಚವನ್ನು ಉದ್ದಕ್ಕೆ ಎಳೆಯಬೇಕು, ಬಳಿಕ ರಟ್ಟಿನಿಂದ ಕತ್ತರಿಸಿದ ಬಾಚಣಿಗೆಯನ್ನು. ಬಾಚಣಿಗೆಯ ಹಲ್ಲುಗಳು ಒಂದೇ ಅಳತೆಯವಾಗಿರಬಾರದು. ಕಮಾನುಗಳನ್ನು ಸಣ್ಣ ಕುಂಚದಿಂದ ಬರೆದು, ಒದ್ದೆ ಬಟ್ಟೆಯಿಂದ ಅಂಚನ್ನು ಮೃದುಗೊಳಿಸಬೇಕು. ಗಂಟು ಬಾಗಿಲಿಗೊಂದಿದ್ದರೆ ಸಾಕು. ಮಕ್ಕಳಿಗೆ ಅದರ ಮೇಲೆಯೇ ಪ್ರೀತಿ ಹೆಚ್ಚು.

ಫ್ರಾನ್ಸಿನ ಚಿತ್ರಕಾರ ಜಾರ್ಜ್ ಬ್ರಾಕ್ ಮನೆಗಳಿಗೆ ಬಣ್ಣ ಬಳಿಯುವವರ ಕುಟುಂಬದವನು. ಆ ವೃತ್ತಿಯ ಬಾಚಣಿಗೆಯನ್ನೇ ಅವನು ತನ್ನ ಚಿತ್ರಗಳಿಗೆ ತಂದನು, ಪಿಕಾಸೊಗೂ ಕಲಿಸಿದನು. 1912ರಲ್ಲಿ ಮರದ ಎಳೆಯನ್ನು ಅಚ್ಚೊತ್ತಿದ ಗೋಡೆಕಾಗದವನ್ನು ಚಿತ್ರಕ್ಕೇ ಅಂಟಿಸಿದನು. ಇದನ್ನು ಕೀಳು ಕೆಲಸವೆನ್ನುವವರಿಗೆ ಇಷ್ಟು ಹೇಳಿದರಾಯಿತು.

ಬಾಗಿಲಿನಲ್ಲಿ ಹೆಚ್ಚಾಗಿ ತಪ್ಪುವುದು ಎಳೆಯ ದಿಕ್ಕು. ಬಾಗಿಲು ಒಂದೇ ಹಲಗೆಯಲ್ಲ. ನಿಲುಪಟ್ಟಿಗಳಲ್ಲಿ ಎಳೆಯು ಮೇಲಿನಿಂದ ಕೆಳಕ್ಕೆ, ಅಡ್ಡಪಟ್ಟಿಗಳಲ್ಲಿ ಎಡದಿಂದ ಬಲಕ್ಕೆ ಹರಿಯುತ್ತದೆ; ಕೀಲು ಕೂಡುವಲ್ಲಿ ಥಟ್ಟನೆ ನಿಲ್ಲುತ್ತದೆ. ಮೊದಲು ನಡುಹಲಗೆ, ಅದು ಒಣಗಿದ ಮೇಲೆ ಅಡ್ಡಪಟ್ಟಿ, ಕೊನೆಗೆ ನಿಲುಪಟ್ಟಿ. ಪಕ್ಕದ ಭಾಗವನ್ನು ಪ್ರತಿಸಲವೂ ಕಾಗದದ ಅಂಟುಪಟ್ಟಿಯಿಂದ ಮುಚ್ಚಬೇಕು. ಒಮ್ಮೆ ಒಣಗಿದ ಅಕ್ರಿಲಿಕ್ ನೀರಿಗೆ ಕರಗದು. ಕುಂಚಗಳನ್ನು ಗಂಟೆ ಬಾರಿಸುವ ಮೊದಲೇ ತೊಳೆಯಿಸತಕ್ಕದ್ದು.