ರೆಕ್ಕೆ ಕಳೆದುಕೊಂಡ ಯೊಕೊಹಾಮಾ

ಕಪ್ ಗೆದ್ದ ತಂಡವೊಂದು ಅದೇ ದಿನ ಇಲ್ಲವಾದದ್ದನ್ನು ಕೇಳಿದ್ದೀರಾ? 1999ರ ಜನವರಿ 1ರಂದು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಹಾಗೆಯೇ ಆಯಿತು. ಚಕ್ರವರ್ತಿ ಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಯೊಕೊಹಾಮಾ ಫ್ಲೂಗೆಲ್ಸ್ ತಂಡ ಶಿಮಿಜು ಎಸ್-ಪಲ್ಸ್ ತಂಡವನ್ನು 2-1ರಿಂದ ಸೋಲಿಸಿತು. ಅದು ಫ್ಲೂಗೆಲ್ಸ್ ಆಡಿದ ಕಡೆಯ ಪಂದ್ಯ.

ಈ ತಂಡದ ಬೇರು 1964ರಲ್ಲಿ ಯೊಕೊಹಾಮಾದಲ್ಲಿ ಹುಟ್ಟಿದ ಒಂದು ಬಡಾವಣೆ ಕ್ಲಬ್ಬಿನಲ್ಲಿದೆ. ಮುಂದೆ ಆಲ್ ನಿಪ್ಪಾನ್ ಏರ್‌ವೇಸ್ ಎಂಬ ವಿಮಾನ ಸಂಸ್ಥೆ ಅದರ ಕೈ ಹಿಡಿಯಿತು. ಆಗ ಜಪಾನಿನ ಫುಟ್‌ಬಾಲ್ ಎಂದರೆ ಬಹುಮಟ್ಟಿಗೆ ಕಂಪನಿಗಳ ಫುಟ್‌ಬಾಲ್. 1993ರಲ್ಲಿ ಹತ್ತು ಕ್ಲಬ್‌ಗಳೊಂದಿಗೆ ವೃತ್ತಿಪರ ಜೆ-ಲೀಗ್ ಆರಂಭವಾದಾಗ ತಂಡದ ಹೆಸರಿನಲ್ಲಿ ಕಂಪನಿಯ ಬದಲು ಊರಿರಬೇಕು ಎಂಬ ನಿಯಮ ಬಂತು. ವಿಮಾನದವರ ತಂಡವಲ್ಲವೇ, 'ರೆಕ್ಕೆ' ಎಂಬರ್ಥದ ಜರ್ಮನ್ ಪದದಿಂದ ಫ್ಲೂಗೆಲ್ಸ್ ಎಂದು ಹೆಸರಿಟ್ಟರು. ಹೆಸರೇನೋ ಊರಿನದಾಯಿತು, ಹಣದ ಚೀಲ ಮಾತ್ರ ವಿಮಾನ ಸಂಸ್ಥೆ ಮತ್ತು ಸಾಟೊ ಕೊಗ್ಯೊ ಎಂಬ ಕಟ್ಟಡ ನಿರ್ಮಾಣ ಕಂಪನಿಯ ಕೈಯಲ್ಲೇ ಉಳಿಯಿತು.

ಮೊದಲ ವರ್ಷಗಳು ಭರ್ಜರಿಯಾಗಿದ್ದವು. 1994ರ ಹೊಸವರ್ಷದ ದಿನ ಚಕ್ರವರ್ತಿ ಕಪ್ ಬಂತು. ಆ ಗೆಲುವಿನ ಬಲದಿಂದ ಪ್ರವೇಶಿಸಿದ ಏಷ್ಯನ್ ಕಪ್ ವಿಜೇತರ ಕಪ್ಪೂ 1995ರಲ್ಲಿ ಕೈಸೇರಿತು. ಬ್ರೆಜಿಲ್‌ನಿಂದ ಜಿನ್ಯೊ, ಎವಾಯಿರ್, ಸೀಸರ್ ಸಂಪಾಯೊ ಬಂದರು. 1998ರ ವಿಶ್ವಕಪ್‌ನ ಮೊಟ್ಟಮೊದಲ ಗೋಲು ಹೊಡೆದ ಸಂಪಾಯೊ ಆಗ ಫ್ಲೂಗೆಲ್ಸ್ ಆಟಗಾರ!

ಆದರೆ ಅಷ್ಟರಲ್ಲಿ ಜಪಾನಿನ ಆರ್ಥಿಕ ಗುಳ್ಳೆ ಒಡೆದಿತ್ತು. ಭೂಮಿಯ ಬೆಲೆ ಕುಸಿದು ನಿರ್ಮಾಣ ಕಂಪನಿಗಳು ಏದುಸಿರು ಬಿಡುತ್ತಿದ್ದವು. ಸಾಟೊ ಕೊಗ್ಯೊ ಹಿಂದೆ ಸರಿಯಿತು. ಇಡೀ ಹೊರೆಯನ್ನು ಹೊರಲು ವಿಮಾನ ಸಂಸ್ಥೆಗೂ ಮನಸ್ಸಿರಲಿಲ್ಲ. 1998ರ ಅಕ್ಟೋಬರ್ ಕೊನೆಯಲ್ಲಿ, ನಿಸ್ಸಾನ್ ಬೆಂಬಲದ ಯೊಕೊಹಾಮಾ ಮರಿನೋಸ್ ಜತೆ ವಿಲೀನ ಎಂಬ ಸುದ್ದಿ ಹೊರಬಿತ್ತು. ಮರಿನೋಸ್ ಎಂದರೆ ಅದೇ ಊರಿನ ಬದ್ಧ ಎದುರಾಳಿ. ವಿಲೀನವೆಂಬುದು ಕಾಗದದ ಮೇಲಿನ ಮಾತು. ಅಭಿಮಾನಿಗಳ ಪಾಲಿಗೆ ಉಳಿದದ್ದು ಮರಿನೋಸ್ ಹೆಸರಿಗೆ ಅಂಟಿಕೊಂಡ 'ಎಫ್' ಅಕ್ಷರವೊಂದೇ.

ಅಭಿಮಾನಿಗಳು ಬೀದಿಗಿಳಿದು ಸಹಿ ಸಂಗ್ರಹಿಸಿದರು. ಆಟಗಾರರು ತಮಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಉತ್ತರ ಕೊಟ್ಟರು: ಸುದ್ದಿ ಬಂದ ಮೇಲೆ ಒಂದು ಪಂದ್ಯವನ್ನೂ ಸೋಲಲಿಲ್ಲ. ಕಪ್‌ನಲ್ಲಿ ಸೋತರೆ ಅಂದೇ ತಂಡ ಮುಗಿಯುತ್ತಿತ್ತು. ಗೆದ್ದರೆ ಇನ್ನೊಂದು ಪಂದ್ಯದಷ್ಟು ಆಯುಸ್ಸು. ಹೀಗೆ ಆ ವರ್ಷದ ಲೀಗ್‌ನ ಮೊದಲೆರಡು ಸ್ಥಾನದ ಇವಾಟಾ, ಕಾಶಿಮಾ ತಂಡಗಳನ್ನೂ ದಾಟಿ ಫೈನಲ್ ತಲುಪಿದರು. ಅಲ್ಲೂ ಮೊದಲ ಗೋಲು ಎದುರಾಳಿಯದೇ. ಕಪ್ ಎತ್ತಿದವರು ಆಮೇಲೆ ದಿಕ್ಕಿಗೊಬ್ಬರಾಗಿ ಚದುರಿದರು.

ಮರಿನೋಸ್‌ಗೆ ಕೂಗು ಹಾಕಲು ಒಪ್ಪದ ಅಭಿಮಾನಿಗಳು ಹಣ ಕೂಡಿಸಿ ಯೊಕೊಹಾಮಾ ಎಫ್‌ಸಿ ಎಂಬ ಹೊಸ ಕ್ಲಬ್ ಕಟ್ಟಿದರು. ಬಾರ್ಸಿಲೋನಾದಂತೆ ಸದಸ್ಯರೇ ಆಧಾರವಾಗಬೇಕು ಎಂಬುದು ಅವರ ಆಸೆ. ಜರ್ಮನಿಯ ವಿಶ್ವಕಪ್ ವಿಜೇತ ಪಿಯೆರ್ ಲಿಟ್‌ಬಾರ್‌ಸ್ಕಿ ಮೊದಲ ತರಬೇತುದಾರರಾದರು. ಕೆಳಗಿನ ಹಂತದಿಂದ ಮೆಟ್ಟಿಲು ಹತ್ತಿ 2001ರಲ್ಲಿ ಎರಡನೇ ದರ್ಜೆಗೆ, 2007ರಲ್ಲಿ ಮೊದಲ ದರ್ಜೆಗೆ ಬಂದ ಕ್ಲಬ್ ಆ ವರ್ಷದ ಕೊನೆಗೇ ಕೆಳಗಿಳಿಯಿತು. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ, ಹಿಂದೆ ಫ್ಲೂಗೆಲ್ಸ್ ಆಡುತ್ತಿದ್ದ ಮಿತ್ಸುಜಾವಾ ಮೈದಾನದಲ್ಲಿ, ಅದು ಮರಿನೋಸ್ ವಿರುದ್ಧ 1-0ರಿಂದ ಗೆದ್ದಿತ್ತು.