ಗಾಜಿನ ಎಳೆ ಮನೆ ಬಾಗಿಲಿಗೆ



ನಾಲೆಯ ನೀರು ಊರ ಮುಂದೆ ಹರಿದರೆ ಸಾಕೆ? ತೂಬು ಎತ್ತಿ, ಕಾಲುವೆ ತೆಗೆದು, ಗದ್ದೆಗೆ ಬಂದಾಗಲೇ ಅದು ನಮ್ಮ ನೀರು. ಈ ದಿನ ನಾನು ಹೇಳಹೊರಟ ಸಂಗತಿಯೂ ಹಾಗೆಯೇ.

ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಂತಿ ಎಳೆಯಬೇಕೆಂದು ಕೇಂದ್ರ ಸರ್ಕಾರ 2011ರಲ್ಲಿ ತೀರ್ಮಾನಿಸಿತು. 2015ರಿಂದ ಅದಕ್ಕೆ ಭಾರತ್‌ನೆಟ್ ಎಂದು ಹೆಸರು. ತಂತಿಯೊಳಗೆ ಇರುವುದು ಕೂದಲೆಳೆಯಂಥ ಗಾಜಿನ ಎಳೆ. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಅಕ್ಷರ, ಚಿತ್ರ, ಮಾತು ಎಲ್ಲವನ್ನೂ ಆ ಬೆಳಕೇ ಹೊತ್ತು ತರುತ್ತದೆ.

"ಪಟ್ಟಣದವರಿಗೆ ಇರಲಿ ಬಿಡಿ, ನಮಗ್ಯಾಕೆ?" ಎಂದೀರಿ. ನಿಮ್ಮ ಪಹಣಿ ಗಣಕಯಂತ್ರ ಸೇರಿ ಇಪ್ಪತ್ತು ವರ್ಷ ಮೀರಿತು. ಬೆಳೆ ವಿಮೆ, ಬೆಳೆ ಸಮೀಕ್ಷೆ, ಪಿ.ಎಂ. ಕಿಸಾನ್ ಹಣ, ಎಲ್ಲಕ್ಕೂ ಈಗ ಅಂತರ್ಜಾಲವೇ ಬಾಗಿಲು.

ನನ್ನ ಹೋಬಳಿಯ ಒಂದು ಹಳ್ಳಿಯಲ್ಲಿ ನೀರಿನ ಪೈಪಿಗಾಗಿ ಅಗೆಯುವಾಗ ಜೆಸಿಬಿ ಈ ತಂತಿಯನ್ನು ಕಡಿಯಿತು. ಯಾರದೋ ಸ್ವತ್ತು ಎಂದುಕೊಂಡು ಒಬ್ಬರೂ ದೂರು ಕೊಡಲಿಲ್ಲ. ಬೆಳೆ ವಿಮೆಯ ಕೊನೆಯ ದಿನ ಹತ್ತಿರವಾಗಿತ್ತು. ಒಬ್ಬ ಅಜ್ಜಿ ಪಹಣಿಗಾಗಿ ಮೂರು ದಿನ ಪಂಚಾಯಿತಿಗೆ ನಡೆದರು. ನಾಲ್ಕನೆಯ ದಿನ ಬಸ್ಸು ಹಿಡಿದು ತಾಲ್ಲೂಕಿಗೆ ಹೋದರು. ಪಹಣಿ ಸಿಕ್ಕಿತು, ಗಡುವು ಮುಗಿದಿತ್ತು. ಆ ವರ್ಷ ಮಳೆಯೂ ಕೈಕೊಟ್ಟಿತು. ತಂತಿ ತುಂಡಾದ ನಷ್ಟ ಯಾರದು, ನೀವೇ ಹೇಳಿ.

ಆದ್ದರಿಂದ ರಸ್ತೆ, ದೀಪ, ಕುಡಿಯುವ ನೀರಿನ ಸಾಲಿನಲ್ಲೇ ಇದನ್ನೂ ಇಡಬೇಕು. ಅಂತರ್ಜಾಲ ಬಳಸುವುದು ವಿದ್ಯಾಭ್ಯಾಸದ ಹಕ್ಕಿಗೆ ಸೇರಿದ್ದೆಂದು ಕೇರಳ ಹೈಕೋರ್ಟು 2019ರಲ್ಲೇ ತೀರ್ಪು ಕೊಟ್ಟಿದೆ.

ಈಗ ಮಾಡಬೇಕಾದ ಮೂರು ಕೆಲಸ ಕೇಳಿ.

ಒಂದು, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಪಂಚಾಯಿತಿಗೆ ತಂತಿ ಬಂದಿದೆಯೆ? ಕೆಲಸ ಮಾಡುತ್ತಿದೆಯೆ? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ.

ಎರಡು, ಶಾಲೆ, ಅಂಗನವಾಡಿ, ಹಾಲಿನ ಡೈರಿ, ಜೊತೆಗೆ ಸಂಪರ್ಕ ಬೇಕೆನ್ನುವ ಮನೆಗಳು, ಇವೆಲ್ಲವನ್ನೂ ಒಂದೇ ಪಟ್ಟಿ ಮಾಡಿ ಅರ್ಜಿ ಕೊಡಿ. ಪಂಚಾಯಿತಿಯಾಚೆಯ ಹಳ್ಳಿಗಳಿಗೂ ಬೇಡಿಕೆಯಿದ್ದಲ್ಲಿ ತಂತಿ ಒಯ್ಯಲು 2023ರಲ್ಲಿ ಒಪ್ಪಿಗೆಯಾಗಿದೆ. ಕೇಳದ ಊರಿಗೆ ತಾನಾಗಿ ಬರುವುದು ಕಷ್ಟ.

ಮೂರು, ರಸ್ತೆಯಂಚು ಅಗೆಯುವ ಮೊದಲು ಪಂಚಾಯಿತಿಗೆ ತಿಳಿಸಿ. ತಾಮ್ರ ಸಿಕ್ಕೀತೆಂದು ಈ ತಂತಿ ಕೀಳುವವರೂ ಉಂಟು. ಗಾಜಿನ ಎಳೆಯಲ್ಲಿ ತಾಮ್ರವಿಲ್ಲ. ಕಿತ್ತವನಿಗೆ ಕವಡೆ ಕಾಸಿಲ್ಲ, ಊರಿಗೆಲ್ಲ ಕತ್ತಲೆ.

ಅರ್ಜಿ ಬರೆಯಲು ತಿಳಿಯದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ, ಕೂತು ಬರೆಯೋಣ.